ಕ್ರೇನ್ ಯಾರದ್ದಾದರೂ ಇರಲಿ, ಗೇಟು ಯಾರು ಕಾಯುತ್ತಾರೆ?

ನಿನ್ನೆ ಅಂಕೋಲೆಯಲ್ಲಿ ಮದುವೆ ಊಟಕ್ಕೆ ಕೂತಾಗ, ಇದೇ ತಾಲ್ಲೂಕಿನಲ್ಲಿ ಹೊಸದಾಗಿ ಕಟ್ಟಲು ಹೊರಟಿರುವ ಕೇಣಿ ಬಂದರಿನ ಮಾತು ಬಂತು. "ಸರ್ಕಾರದ ಕೈಲಿದ್ದರೆ ಏನೂ ಆಗಲ್ಲ, ಖಾಸಗಿಯವರಿಗೆ ಕೊಟ್ಟು ಸುಮ್ನೆ ಇರಬೇಕು" ಅಂದರು ಪಕ್ಕದವರು. ಆ "ಸುಮ್ನೆ ಇರಬೇಕು" ಅನ್ನುವುದಕ್ಕೇ ನನಗೆ ಸಿಟ್ಟು. ಇನ್ನೂ ಇಳಿದಿಲ್ಲ.

ಕೊಡುವುದು ತಪ್ಪಲ್ಲ. ಮಂಗಳೂರು ಬಂದರಿರುವ ಪಣಂಬೂರಿನಲ್ಲಿ, ಸರಕಿನ ಕಾಗದಪತ್ರ ನೋಡುವ ಕ್ಲಿಯರಿಂಗ್ ಆಫೀಸಿನಲ್ಲಿ ನಾನೇ ದುಡಿದಿದ್ದೇನೆ. ಬರ್ತ್, ಅಂದರೆ ಸರಕು ಇಳಿಸುವ ಕಟ್ಟೆಯಲ್ಲಿ ಜಾಗ, ಸಿಗದೆ ಹಡಗು ಹೊರಗೆ ನಿಂತರೆ ಆ ಖರ್ಚು ಕೊನೆಗೆ ಬೀಳುವುದು ಸರಕಿನವನ ತಲೆ ಮೇಲೆ. ಒಳ್ಳೆ ಕ್ರೇನ್ ತರುವ ದುಡ್ಡಿದ್ದವರು ತರಲಿ. ನವಿ ಮುಂಬಯಿಯ ಜವಾಹರಲಾಲ್ ನೆಹರು ಬಂದರಿನಲ್ಲಿ 1999ರಲ್ಲೇ ಖಾಸಗಿ ಕಂಟೇನರ್ ಟರ್ಮಿನಲ್ ಶುರುವಾಯಿತು. ಬಂದರು ಬೆಳೆಯಿತು. ಆದರೆ ಅಲ್ಲಿ ನೆಲ ಬಂದರಿನದ್ದೇ ಉಳಿಯಿತು. ಕರಾರು 30 ವರ್ಷದ್ದು, ಮುಗಿದ ಮೇಲೆ ವಾಪಸ್ ಕೊಡಬೇಕು. ಕೊಟ್ಟವರು ಸುಮ್ಮನೆ ಕೂರಲಿಲ್ಲ.

ಬೇಲೆಕೇರಿ ಮರೆತುಹೋಯಿತಾ? ಅದೂ ಇದೇ ಅಂಕೋಲೆ ತಾಲ್ಲೂಕು. 2010ರಲ್ಲಿ ಜಪ್ತಿ ಮಾಡಿ ಬಂದರಿನಲ್ಲೇ ಇಟ್ಟಿದ್ದ ಲಕ್ಷಗಟ್ಟಲೆ ಟನ್ ಅದಿರು ಹಡಗು ಹತ್ತಿ ಹೋಯಿತು. ಆ ಜೂನ್‌ನಲ್ಲಿ, ಅಕ್ರಮ ಗಣಿಗಾರಿಕೆಯ ತನಿಖೆ ಮಾಡುತ್ತಿದ್ದ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ರಾಜೀನಾಮೆ ಕೊಟ್ಟರು, ಆಮೇಲೆ ಹಿಂದಕ್ಕೆ ಪಡೆದರು. ಇದೇ ಅದಿರಿನ ಕೇಸಿನಲ್ಲಿ 2024ರಲ್ಲಿ ವಿಶೇಷ ನ್ಯಾಯಾಲಯ ಒಬ್ಬ ಶಾಸಕರಿಗೂ ಒಬ್ಬ ಬಂದರು ಅಧಿಕಾರಿಗೂ ಶಿಕ್ಷೆ ಕೊಟ್ಟಿತು, ಹೈಕೋರ್ಟ್ ಅದನ್ನು ಅಮಾನತಿನಲ್ಲಿಟ್ಟಿತು. ಬಂದರು ಸರ್ಕಾರದ್ದು, ಅದಿರು ತುಂಬಿಸಿದವರು ಖಾಸಗಿಯವರು. ಇಬ್ಬರೂ ಇದ್ದರು. ಕಾಯುವವರು ಮಾತ್ರ ಇರಲಿಲ್ಲ.

ದರದ ಕಥೆಯೂ ಅಷ್ಟೇ. 2021ರ ಪ್ರಮುಖ ಬಂದರು ಪ್ರಾಧಿಕಾರಗಳ ಕಾಯ್ದೆ ಬಂದ ಮೇಲೆ, ಮಂಗಳೂರಿನಂಥ ಕೇಂದ್ರದ ದೊಡ್ಡ ಬಂದರುಗಳಲ್ಲಿ ಹೊಸ ಖಾಸಗಿ ಟರ್ಮಿನಲ್‌ಗಳು ಮಾರುಕಟ್ಟೆ ನೋಡಿ ದರ ಇಡಬಹುದು. ಮಾರುಕಟ್ಟೆ ಅಂದರೆ ಅಂಗಡಿ ಎರಡಾದರೂ ಇರಬೇಕು ಅಲ್ವಾ? ಚಿಕ್ಕಮಗಳೂರಿನ ಕಾಫಿ ಘಾಟಿ ಇಳಿದು ಮಂಗಳೂರಿಗೆ ಬಂದ ಮೇಲೆ ದರ ಜಾಸ್ತಿ ಅಂತ ಕೊಚ್ಚಿಗೆ ತಿರುಗಿ ಹೋಗುತ್ತದಾ? ಇಂಥ ಕಡೆ ಮೇಲೊಬ್ಬರು ಕೇಳುವವರು ಇರಲೇಬೇಕು.

ಜಾಸ್ತಿ ಕೇಳಿದರೆ ಹೂಡಿಕೆ ಓಡಿಹೋಗುತ್ತದಂತೆ. ಕೇಣಿಗೆ 4,000 ಕೋಟಿಗೂ ಜಾಸ್ತಿ ಹಾಕಲು ಹೊರಟವರು ಲಾರಿ ತೂಗುವ ವೇಬ್ರಿಡ್ಜ್ ಲೆಕ್ಕ ತೋರಿಸಿ ಅಂದರೆ ಓಡಿಹೋಗುತ್ತಾರಾ? ನನಗಂತೂ ನಂಬಿಕೆಯಿಲ್ಲ. ಅವರಿಗೆ ತೊಂದರೆ ಕೊಡುವುದು ಲೆಕ್ಕ ಕೇಳುವುದಲ್ಲ, ಊರಿನವರಿಗೆ ಏನೂ ಹೇಳದೆ ಕೆಲಸ ಶುರು ಮಾಡುವುದು. ಹೊನ್ನಾವರದ ಕಾಸರಕೋಡು ಟೊಂಕ ನೋಡಿ. ಹೆಂಗಸರು ಮೀನು ಒಣಗಿಸುವ ಜಾಗದಲ್ಲಿ ಬಂದರಿನ ರಸ್ತೆ ಬಂತು, ವರ್ಷಗಟ್ಟಲೆ ಜಗಳ, ಪೊಲೀಸು, ಕೇಸು. ಆ ಹೆಂಗಸರ ಜೊತೆ ಮೊದಲೇ ಕೂತು ಮಾತಾಡಬೇಕಾದದ್ದು ಸರ್ಕಾರ. ಕಂಪನಿ ಮುಂದೆ ಬಿಟ್ಟು ತಾನು ಹಿಂದೆ ನಿಂತಿತು.

ಕೇಣಿಯಲ್ಲಿ ಹಾಗಾಗಬಾರದು. ಕರಾರನ್ನು ಪೂರ್ತಿ ಕನ್ನಡದಲ್ಲಿ ಊರಿನವರ ಕೈಗೆ ಕೊಡಿ. ಎಷ್ಟು ಆಳ ಹೂಳೆತ್ತುತ್ತಾರೆ, ಆ ಹೂಳು ಎಲ್ಲಿಗೆ ಹೋಗುತ್ತದೆ, ದೋಣಿಗಳಿಗೆ ದಾರಿ ಎಲ್ಲಿ, ದರ ಏರಿಸಿದರೆ ಯಾರನ್ನು ಕೇಳಬೇಕು, ಎಲ್ಲಾ ಅದರಲ್ಲಿರಲಿ. ರಾಜ್ಯದ ಬಂದರುಗಳನ್ನು ನೋಡಿಕೊಳ್ಳುವ ಕರ್ನಾಟಕ ಜಲಸಾರಿಗೆ ಮಂಡಳಿಯವರು ಮೊದಲು ಇದನ್ನು ಮಾಡಲಿ, ಅಡಿಗಲ್ಲು ಹಾಕುವುದು ಆಮೇಲೆ.