ಹಿಂಬರಹದ ಕೊನೆಯ ಪ್ಯಾರಾ

ಉತ್ತರ ಕನ್ನಡದಲ್ಲಿ ಸರ್ಕಾರಿ ಕಚೇರಿಗೆ ಅಲೆದು ಅಭ್ಯಾಸವಿರುವ ಯಾರ ಮನೆಯ ಫೈಲು ಬಿಚ್ಚಿದರೂ ಇಂಥದೊಂದು ಹಿಂಬರಹ ಸಿಗುತ್ತದೆ: ‘ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿ, ನಿಯಮಾನುಸಾರ ಅವಕಾಶವಿಲ್ಲದ ಕಾರಣ ತಿರಸ್ಕರಿಸಲಾಗಿದೆ.’ ಕೆಳಗೆ ಸಹಿ, ಮೊಹರು. ಯಾವ ನಿಯಮ, ಯಾಕೆ ಅವಕಾಶವಿಲ್ಲ, ಒಪ್ಪದಿದ್ದರೆ ಯಾರ ಹತ್ತಿರ ಹೋಗಬೇಕು, ಎಷ್ಟು ದಿನದೊಳಗೆ? ಒಂದೂ ಇಲ್ಲ.

ನಾನಿರುವ ಜರ್ಮನಿಯಲ್ಲೂ ಅರ್ಜಿಗಳು ಧಾರಾಳವಾಗಿ ತಿರಸ್ಕಾರವಾಗುತ್ತವೆ. ಅಲ್ಲಿನ ಅಧಿಕಾರಿಗಳೇನೂ ಮೃದು ಮನಸ್ಸಿನವರಲ್ಲ. ಆದರೆ 1977ರಿಂದ ಜಾರಿಯಲ್ಲಿರುವ ಆಡಳಿತ ಕಾರ್ಯವಿಧಾನ ಕಾಯ್ದೆ ಅವರ ಕೈ ಕಟ್ಟಿದೆ. ಒಬ್ಬರ ಹಕ್ಕಿಗೆ ಧಕ್ಕೆ ತರುವ ಆದೇಶಕ್ಕೆ ಮೊದಲು ಅವರ ಮಾತು ಕೇಳಬೇಕು (28ನೇ ಕಲಂ). ಲಿಖಿತ ಆದೇಶದಲ್ಲಿ ಕಾರಣ ಇರಬೇಕು, ಕಾಯ್ದೆ ತನ್ನ ತೀರ್ಮಾನಕ್ಕೇ ಬಿಟ್ಟ ಕಡೆ ಅಧಿಕಾರಿ ವಿವೇಚನೆ ಬಳಸಿದ್ದರೆ ಯಾವ ಅಂಶಗಳನ್ನು ತೂಗಿ ನೋಡಿದ್ದು ಎಂಬುದೂ ಇರಬೇಕು (39). ವಿವೇಚನೆಯನ್ನು ಕೊಟ್ಟ ಉದ್ದೇಶಕ್ಕೇ ಬಳಸಬೇಕು, ಮಿತಿ ದಾಟಬಾರದು (40).

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಪತ್ರದ ಕೊನೆಯ ಪ್ಯಾರಾ. ಈ ಆದೇಶದ ವಿರುದ್ಧ ಯಾವ ಕಚೇರಿಗೆ ಅಥವಾ ಯಾವ ನ್ಯಾಯಾಲಯಕ್ಕೆ, ಎಷ್ಟು ದಿನದೊಳಗೆ ಹೋಗಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಸಾಮಾನ್ಯವಾಗಿ ಗಡುವು ಒಂದು ತಿಂಗಳು. ಆ ಪ್ಯಾರಾ ಬಿಟ್ಟುಹೋದರೆ ಅಥವಾ ತಪ್ಪಿದ್ದರೆ ಗಡುವು ತಾನಾಗಿಯೇ ಒಂದು ವರ್ಷವಾಗುತ್ತದೆ. ಆಡಳಿತ ನ್ಯಾಯಾಲಯ ಕಾಯ್ದೆಯ 58ನೇ ಕಲಂ ಅದು. ನಮ್ಮಲ್ಲಿ ತಡವಾದರೆ ಅರ್ಜಿದಾರನೇ ‘ವಿಳಂಬ ಮನ್ನಾ ಮಾಡಿ’ ಎಂದು ಕೈಮುಗಿಯಬೇಕು, ಮನ್ನಾ ಮಾಡುವುದು ಬಿಡುವುದು ಮತ್ತೆ ಅಧಿಕಾರಿಯ ಮರ್ಜಿ. ಅಲ್ಲಿ ಕಚೇರಿ ತಪ್ಪಿದರೆ ಅದರ ಭಾರ ಕಚೇರಿಗೇ. ಉತ್ತರವೇ ಬಾರದಿದ್ದರೆ? ಸಾಮಾನ್ಯವಾಗಿ ಮೂರು ತಿಂಗಳು ಕಾದು, ಸುಮ್ಮನಿದ್ದುದರ ಮೇಲೇ ದಾವೆ ಹೂಡಬಹುದು. ಸೇವೆಗಳನ್ನು ಗಡುವಿನೊಳಗೆ ಕೊಡಬೇಕೆನ್ನುವ ನಮ್ಮ ಸಕಾಲ ಕಾಯ್ದೆಯಲ್ಲಿ ಗಡುವು ಮೀರಿದರೆ ಅರ್ಜಿದಾರನಿಗೆ ಸಿಗುವ ಪರಿಹಾರ ದಿನಕ್ಕೆ 20 ರೂಪಾಯಿ, ಗರಿಷ್ಠ 500. ಅದೂ ಪಟ್ಟಿಯಲ್ಲಿರುವ ಸೇವೆಗಳಿಗೆ ಮಾತ್ರ.

ಹಾಗಂತ ಎಲ್ಲವೂ ಅಲ್ಲಿಯದೇ ಮೇಲು ಅನ್ನುವಂತಿಲ್ಲ. ಬವೇರಿಯಾದಲ್ಲಿ ಬಹುಪಾಲು ವಿಷಯಗಳಿಗೆ ಮೇಲ್ಮನವಿಯ ಹಂತವನ್ನೇ ತೆಗೆದುಹಾಕಿದ್ದಾರೆ, ನೇರ ಕೋರ್ಟಿಗೇ ಹೋಗಬೇಕು. ಕಾರಣದ ವಿಷಯದಲ್ಲಂತೂ ನಮ್ಮ ಸುಪ್ರೀಂ ಕೋರ್ಟೇ ಹೆಚ್ಚು ಬಿಗಿ. ಜರ್ಮನಿಯಲ್ಲಿ ಆದೇಶದಲ್ಲಿ ಬಿಟ್ಟ ಕಾರಣವನ್ನು ಮೊಕದ್ದಮೆ ನಡೆಯುವಾಗಲೂ ಸೇರಿಸಿ ಸರಿಪಡಿಸಿಕೊಳ್ಳಲು ಅವಕಾಶವಿದೆ. ನಮ್ಮಲ್ಲಿ 1977ರ ಫಿರೋಜ್‌ಪುರ ಲೋಕಸಭಾ ಚುನಾವಣೆಯಿಂದ ಹುಟ್ಟಿದ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಕೋರ್ಟು ಆ ಬಾಗಿಲು ಮುಚ್ಚಿತು: ಆದೇಶ ತನ್ನಲ್ಲಿರುವ ಕಾರಣಗಳ ಮೇಲೇ ನಿಲ್ಲಬೇಕು, ಆಮೇಲೆ ಅಫಿಡವಿಟ್ಟಿನಲ್ಲಿ ಹೊಸ ಕಾರಣ ತುರುಕುವಂತಿಲ್ಲ. ‘ಮೇಲಿನವರ ಸೂಚನೆಯಂತೆ’ ಎಂಬ ಒಕ್ಕಣೆಗೂ ಉತ್ತರ ಹಳೆಯದೇ. ಮುಂಬಯಿಯ ಅಂಧೇರಿಯಲ್ಲಿ ಚಿತ್ರಮಂದಿರ ಕಟ್ಟಲು ಕೊಟ್ಟ ಅನುಮತಿಯನ್ನು ಸರ್ಕಾರ ಹೇಳಿತೆಂದು ಪೊಲೀಸ್ ಕಮಿಷನರ್ ರದ್ದು ಮಾಡಿದ್ದರು. ಗೋರ್ಧನದಾಸ್ ಭಾಂಜಿ ಪ್ರಕರಣದಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ. ಅಧಿಕಾರ ಯಾರಿಗೆ ಕೊಟ್ಟಿದೆಯೋ ಅವರೇ ಯೋಚಿಸಿ ತೀರ್ಮಾನಿಸಬೇಕು.

ತತ್ವಕ್ಕೆ ಕೊರತೆಯಿಲ್ಲ ಎಂದಾಯಿತು. ಆದರೆ ಅದರ ಫಲ ಸಿಗುವುದು ಘಟ್ಟ ಹತ್ತಿ ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್ ಹಾಕಿದವರಿಗೆ. ಹೊನ್ನಾವರದ ಸಣ್ಣ ಹಿಡುವಳಿದಾರನಿಗೆ ವಕೀಲರ ಫೀಜು, ಬಸ್ಸಿನ ಖರ್ಚು, ಹೋದ ಕೂಲಿ ಎಲ್ಲ ಸೇರಿಸಿದರೆ ಜಾಗದ ಆಸೆಯೇ ಬಿಟ್ಟುಹೋಗುತ್ತದೆ.

ನಮ್ಮ ಜಿಲ್ಲೆಗೆ ಅತಿ ಹತ್ತಿರದ ವಿಷಯ ಅರಣ್ಯ ಹಕ್ಕು, ಅಂದರೆ ಕಾಡಿನ ಜಾಗದಲ್ಲಿ ಬಾಳಿಕೊಂಡು ಬಂದವರಿಗೆ ಆ ಜಾಗದ ಮೇಲಿನ ಹಕ್ಕು. 2006ರ ಕಾಯ್ದೆ ಈ ಮಟ್ಟಿಗೆ ಜರ್ಮನ್ ಪದ್ಧತಿಗೆ ಸಾಕಷ್ಟು ಹತ್ತಿರವಿದೆ. ಗ್ರಾಮಸಭೆ, ಉಪವಿಭಾಗ ಸಮಿತಿ, ಜಿಲ್ಲಾ ಸಮಿತಿ ಎಂದು ಮೂರು ಮೆಟ್ಟಿಲು. ಒಂದರ ತೀರ್ಮಾನದ ಮೇಲೆ ಮುಂದಿನದಕ್ಕೆ ಹೋಗಲು 60 ದಿನ. ಅಹವಾಲು ಕೇಳದೆ ವಿರುದ್ಧ ತೀರ್ಮಾನ ಮಾಡುವಂತಿಲ್ಲ. ಜಿಲ್ಲಾ ಸಮಿತಿಯದು ಅಂತಿಮ, ಆಮೇಲೆ ರಿಟ್ ಒಂದೇ ದಾರಿ. ಇತರ ಪಾರಂಪರಿಕ ಅರಣ್ಯವಾಸಿಗಳು, ಅಂದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು, 13-12-2005ಕ್ಕೆ ಹಿಂದಿನ ಮೂರು ತಲೆಮಾರಿನ, ಅಂದರೆ 75 ವರ್ಷದ, ವಾಸ ತೋರಿಸಬೇಕು. ಎಡವುವುದು ಇಲ್ಲೇ. 1930ರ ಕಾಗದ ಇಲ್ಲವೆಂಬ ಒಂದೇ ಕಾರಣಕ್ಕೆ ಸಾಲಾಗಿ ತಿರಸ್ಕರಿಸಿದರೆ ಅದು ವಿವೇಚನೆಯನ್ನು ಬಳಸಿದ್ದಲ್ಲ, ಬಳಸದೇ ಬಿಟ್ಟದ್ದು. 13ನೇ ನಿಯಮದಲ್ಲಿ ಹಿರಿಯರ ಲಿಖಿತ ಹೇಳಿಕೆ, ಹಳೆ ಬಾವಿ, ಸ್ಮಶಾನ, ಗೆಝೆಟಿಯರ್, ಮನೆ ಕರದ ರಸೀದಿ ಎಲ್ಲವೂ ಪುರಾವೆಯೇ. 12-ಎ ನಿಯಮವಂತೂ ಇಂಥದೇ ದಾಖಲೆ ಬೇಕೆಂದು ಸಮಿತಿ ಪಟ್ಟು ಹಿಡಿಯುವಂತಿಲ್ಲ ಎನ್ನುತ್ತದೆ. ತಿರಸ್ಕೃತರನ್ನು ಒಕ್ಕಲೆಬ್ಬಿಸಲು 2019ರ ಫೆಬ್ರವರಿ 13ರಂದು ಆದೇಶಿಸಿದ್ದ ಸುಪ್ರೀಂ ಕೋರ್ಟು, 28ರಂದು ಅದನ್ನು ತಾನೇ ತಡೆಹಿಡಿದು, ತಿರಸ್ಕಾರದ ಪ್ರಕ್ರಿಯೆ ಹೇಗೆ ನಡೆಯಿತೆಂದು ರಾಜ್ಯಗಳನ್ನು ಕೇಳಿತು.

ಕರ್ನಾಟಕ ಮಾಡಬೇಕಾದದ್ದು ಇಷ್ಟೇ: ಯಾವುದೇ ಇಲಾಖೆಯ ತಿರಸ್ಕಾರವಾದರೂ ಕಲಂ, ಕಾರಣ, ಮೇಲ್ಮನವಿ ಪ್ರಾಧಿಕಾರದ ವಿಳಾಸ, ಗಡುವು ಇವಿಷ್ಟು ಕಡ್ಡಾಯ, ಇಲ್ಲದಿದ್ದರೆ ಗಡುವು ಒಂದು ವರ್ಷ. ಸಿಬ್ಬಂದಿ ಕಡಿಮೆ ಎಂಬ ನೆಪ ಕೊನೆಯ ಎರಡಕ್ಕಂತೂ ನಡೆಯದು, ಅವು ಅಚ್ಚು ಹಾಕಿಟ್ಟ ನಮೂನೆಯಲ್ಲೇ ಬರಬಹುದು.

ಕಾಯ್ದೆ ಬರುವತನಕ ಮಾಹಿತಿ ಹಕ್ಕಿನ 4(1)(ಡಿ) ಕಲಂ ಇದೆ. ಬಾಧಿತರಿಗೆ ಕಾರಣ ತಿಳಿಸುವುದು ಅದರ ಪ್ರಕಾರ ಕಚೇರಿಯ ಕರ್ತವ್ಯ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದ ಮೀರದಂತೆ. ಕೇಳಬೇಕಾದದ್ದು ಕಡತದ ಟಿಪ್ಪಣಿ ಹಾಳೆ, ಸಭೆಯ ನಡವಳಿ, ಸ್ಥಳ ಮಹಜರು. ಉತ್ತರಕ್ಕೆ 30 ದಿನ ಹಿಡಿಯುವುದರಿಂದ ಅದನ್ನೇ ಕಾಯುತ್ತ ಕೂತರೆ ಅರಣ್ಯ ಹಕ್ಕಿನ 60 ದಿನದಲ್ಲಿ ಅರ್ಧ ಹೋಯಿತು. ಹೆಚ್ಚಿನ ಆಧಾರಗಳನ್ನು ಮುಂದೆ ಸಲ್ಲಿಸುತ್ತೇನೆ ಎಂದು ಬರೆದು ಮೇಲ್ಮನವಿಯನ್ನು ಮೊದಲೇ ಕೊಟ್ಟುಬಿಡಬೇಕು. ಹಿಂಬರಹ ಅಂಚೆಯಲ್ಲಿ ಬಂದರೆ ಲಕೋಟೆ ಎಸೆಯಬೇಡಿ, ಮೇಲಿನ ಮುದ್ರೆಯೇ ದಿನದ ಲೆಕ್ಕಕ್ಕೆ ಸಾಕ್ಷಿ. ಕಚೇರಿಯಲ್ಲಿ ಕೈಗೇ ಕೊಟ್ಟರೆ ಸಹಿಯ ಕೆಳಗೆ ಅವತ್ತಿನ ತಾರೀಖನ್ನು ನೀವೇ ಬರೆಯಿರಿ.