ಬೋಗಿಯಲ್ಲಿ ವೈಫೈ ಬೇಡ, ಹಳಿ ಪಕ್ಕ ಟವರ್ ಕೊಡಿ

ರೈಲಿನಲ್ಲಿ ಪುಕ್ಕಟೆ ವೈಫೈ ಕೊಡಿ ಅಂತ ಕೇಳುವವರು ಬಹಳ ಮಂದಿ ಇದ್ದಾರೆ. ನನ್ನ ಬೇಡಿಕೆ ಬೇರೆ. ಗಾಡಿ ಓಡುವ ದಾರಿ ಪೂರ್ತಿ ಒಂದು ಫೋನ್ ಕರೆ ಹೋಗುವಷ್ಟು ಸಿಗ್ನಲ್ ಇರಲಿ.

ನಮ್ಮ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ, ಜಗತ್ತಿನಲ್ಲೇ ಅತಿ ಉದ್ದದ್ದು. ಅಲ್ಲಿ ರೈಲ್ವೆಯದೇ ಕಂಪನಿ ರೈಲ್‌ಟೆಲ್‌ನ ವೈಫೈ ಮೊದಲ ಅರ್ಧ ಗಂಟೆ ಪುಕ್ಕಟೆ. ಅದೇ ಸ್ಟೇಷನ್ನಿನಿಂದ ಗೋವಾ ಕಡೆ ಗಾಡಿ ಹತ್ತಿ. ಲೋಂಡಾ ದಾಟಿ ತಿನೈಘಾಟ್ ಕಡೆ ಹೋದಂತೆ ಫೋನಿನ ಕಡ್ಡಿಗಳು ಒಂದೊಂದಾಗಿ ಮಾಯವಾಗುತ್ತವೆ. ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆವರೆಗೆ ಸುಮಾರು 26 ಕಿಲೋಮೀಟರ್ ಘಾಟ್. 37 ಅಡಿಗೆ ಒಂದು ಅಡಿ ಇಳಿಜಾರು, ಸಾಲು ಸಾಲು ಸುರಂಗ. ಗಾಡಿ ನಿಧಾನಕ್ಕೇ ಇಳಿಯಬೇಕು. ಅಷ್ಟು ಹೊತ್ತೂ ಹೆಚ್ಚುಕಡಿಮೆ ಯಾರಿಗೂ ಯಾರೂ ಸಿಗುವುದಿಲ್ಲ.

ಸಿನಿಮಾ ನಿಂತುಹೋದರೆ ನಿಲ್ಲಲಿ ಬಿಡಿ. ಗೋವಾದಲ್ಲಿ ಕೆಲಸ ಸಿಕ್ಕಿ ಮೊದಲ ಸಲ ಒಬ್ಬಳೇ ಹೊರಟ ಹುಡುಗಿ ಇರುತ್ತಾಳೆ. "ಎಲ್ಲಿ ಬಂದೀ ಅವ್ವಾ, ಊಟ ಮಾಡಿದ್ಯಾ?" ಅಂತ ರೋಣದಿಂದ ತಾಯಿ ಮತ್ತೆ ಮತ್ತೆ ಫೋನ್ ಹಚ್ಚುತ್ತಾಳೆ. ಹತ್ತಲ್ಲ. ಬೋಗಿಯಲ್ಲಿ ಯಾರಿಗೋ ಎದೆನೋವು ಬಂತು ಅನ್ನಿ. ರೈಲ್ವೆ ಸಹಾಯವಾಣಿ 139 ಇದೆ, ಒಳ್ಳೆಯ ವ್ಯವಸ್ಥೆ. ಆದರೆ ಅದಕ್ಕೆ ಕರೆ ಹೋಗಬೇಕಲ್ಲ?

ಬೋಗಿಯೊಳಗೆ ವೈಫೈ ಪೆಟ್ಟಿಗೆ ಕೂರಿಸಿದರೂ ಅದಕ್ಕೆ ಇಂಟರ್‌ನೆಟ್ ಹೊರಗಿನ ಟವರಿನಿಂದಲೇ ಬರಬೇಕು. ಟವರೇ ಇಲ್ಲದ ಕಡೆ ಪೆಟ್ಟಿಗೆ ಏನು ಮಾಡುತ್ತದೆ? ಹೌರಾ ರಾಜಧಾನಿ ಎಕ್ಸ್‌ಪ್ರೆಸ್ ಗಾಡಿಯಲ್ಲಿ ಉಪಗ್ರಹದ ಮೂಲಕ ಕೊಟ್ಟು ನೋಡಿದ್ದರು. ಖರ್ಚು ಜಾಸ್ತಿ, ವೇಗ ಸಾಲದು ಅಂತ ಕೈಬಿಟ್ಟಿದ್ದನ್ನು 2021ರಲ್ಲಿ ರೈಲ್ವೆ ಸಚಿವರು ಸಂಸತ್ತಿನಲ್ಲೇ ಹೇಳಿದರು. ಹಾಗಾಗಿ ಮತ್ತೆ ಅದನ್ನೇ ಕೇಳುವುದರಲ್ಲಿ ಅರ್ಥ ಕಾಣುವುದಿಲ್ಲ.

ದಾರಿ ಇಲ್ಲ ಅಂತಲ್ಲ. ರೈಲ್‌ಟೆಲ್‌ನ ಫೈಬರ್ ಕೇಬಲ್ ದೇಶದ ತುಂಬ ಹಳಿಗುಂಟ ಹೋಗಿದೆ. ಸ್ಟೇಷನ್ ವೈಫೈ ನಡೆಯುವುದೂ ಅದರಿಂದಲೇ. 2021ರಲ್ಲಿ ಗಾಡಿಗಳ ಸುರಕ್ಷತೆಗೆ ಮತ್ತು ಸಂಪರ್ಕಕ್ಕೆ ಅಂತ ರೈಲ್ವೆಗೆ 700 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ 5 ಮೆಗಾಹರ್ಟ್ಸ್ ತರಂಗಾಂತರವೂ ಸಿಕ್ಕಿದೆ. ಅದಕ್ಕೆ ಹಳಿ ಪಕ್ಕ ಕಂಬ ನೆಡಲೇಬೇಕು. ಅದೇ ಕಂಬದ ಮೇಲೆ ಮೊಬೈಲ್ ಕಂಪನಿಗಳ ಉಪಕರಣಕ್ಕೂ ಜಾಗ ಕೊಡಲಿ. ಕಾಡು ಕಡಿಯುವುದು ಬೇಡವೇ ಬೇಡ. ಘಾಟಿನ ಸಣ್ಣ ಸ್ಟೇಷನ್ನುಗಳ ಅಂಗಳದಿಂದಲೇ ಶುರು ಮಾಡಬಹುದು. ನೆಲದಡಿಯ ಮೆಟ್ರೋದಲ್ಲಿ ಫೋನ್ ಹತ್ತುತ್ತದೆ ಅಂದ ಮೇಲೆ ಸುರಂಗದ ನೆಪ ನಾನಂತೂ ಒಪ್ಪಲ್ಲ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವುದೇ ನಮ್ಮೂರಲ್ಲಿ. ನಮ್ಮ ಸಂಸದರು, ಶಾಸಕರು ಹೊಸ ಗಾಡಿ ಕೇಳುವಾಗ ಇದನ್ನೂ ಕೇಳಲಿ.

ಸದ್ಯಕ್ಕೆ, ಆ ಕಡೆ ಹೊರಟವರು ಲೋಂಡಾದಲ್ಲೇ ಮನೆಗೆ ಫೋನ್ ಮಾಡಿಬಿಡಿ. ಇನ್ನು ಸ್ವಲ್ಪ ಹೊತ್ತು ಸಿಗಲ್ಲ, ಗಾಬರಿ ಆಗಬೇಡಿ ಅಂತ ಹೇಳಿ. ಆಮೇಲೆ ಫೋನ್ ಫ್ಲೈಟ್ ಮೋಡಿಗೆ ಹಾಕಿ. ಸಿಗದ ಟವರ್ ಹುಡುಕಿ ಹುಡುಕಿ ಬ್ಯಾಟರಿ ಸುಮ್ನೆ ಖಾಲಿಯಾಗುತ್ತದೆ. ಆನ್‌ಲೈನಿನಲ್ಲಿ ತೆಗೆದ ಟಿಕೆಟಿನ ಎಸ್ಸೆಮ್ಮೆಸ್ ಅಳಿಸಬೇಡಿ, ಗುರುತಿನ ಚೀಟಿ ಜೊತೆ ತೋರಿಸಿದರೆ ಸಾಕು, ನೆಟ್ ಬೇಕಿಲ್ಲ. ಸಿಗ್ನಲ್ ಹುಡುಕಿಕೊಂಡು ಬಾಗಿಲಲ್ಲಿ ಮಾತ್ರ ನಿಲ್ಲಬೇಡಿ, ದಯವಿಟ್ಟು.