ಕೂಸಿಗೂ 18ನೇ ನಂಬರ್ರೇ?

ನಿನ್ನೆ ಭಾವ ನನ್ನ ಮಗಳಿಗೆ ಮತ್ತೊಂದು ಆರ್‌ಸಿಬಿ ಜೆರ್ಸಿ ತಂದರು. ಇನ್ನೂ ಕತ್ತು ನಿಂತಿಲ್ಲ, ಬೆನ್ನ ಮೇಲೆ ಆಗಲೇ ಕೊಹ್ಲಿಯ 18! ಏಪ್ರಿಲ್ ಸೆಕೆಯಲ್ಲಿ ಆ ಪಾಲಿಯೆಸ್ಟರ್ ತೊಡಿಸಿದರೆ ಕುತ್ತಿಗೆ ತುಂಬ ಬೆವರುಸಾಲೆ. ಮೆತ್ತಗಿನ ಹಳೇ ಕಾಟನ್ ಜುಬ್ಬ ಮಾತ್ರ ಯಾರ ಕಣ್ಣಿಗೂ ಚೆಂದ ಕಾಣಲ್ಲ. ಮೊದಲ ಓವರ್ ಮುಗಿಯುವಷ್ಟರಲ್ಲಿ ಎದೆ ಮೇಲಿನ ಸಿಂಹಕ್ಕೆ ಕಕ್ಕಿದ ಹಾಲಿನ ಅಭಿಷೇಕ. ಒಗೆಯೋದು ಯಾರು, ಕೊಹ್ಲಿನಾ?

ರಾತ್ರಿ ಮ್ಯಾಚ್ ಶುರುವಾಗೋ ಏಳೂವರೆ ಅಂದರೆ ಇವಳು ಮಲಗೋ ಹೊತ್ತು. ಸರಿಯಾಗಿ ಆಗಲೇ ವಿಡಿಯೋ ಕಾಲ್: "ಎಬ್ಬಿಸೇ, ಒಂದು ಫೋಟೋ!" ಎಬ್ಬಿಸಿದ ಮೇಲೆ ಸೂಪರ್ ಓವರ್‌ವರೆಗೂ ಅಳು ಯಾರ ಪಾಲಿಗೆ?

ಸೋತರಂತೂ ಮುಗೀತು. "ಹೋದ ಮ್ಯಾಚ್ ಗೆದ್ದ ಜೆರ್ಸಿ ಒಗೆದುಬಿಟ್ಯಲ್ಲ, ಅದಕ್ಕೇ!" ಅಂತಾರೆ ಅತ್ತೆ. 2025ರಲ್ಲಿ ಮೊದಲ ಐಪಿಎಲ್ ಕಪ್ ಬಂದಾಗ ಇವಳು ಹುಟ್ಟೇ ಇರಲಿಲ್ಲವಲ್ಲ, ಆಗ ಯಾರ ಜೆರ್ಸಿ ಒಗೆಯದೆ ಇಟ್ಟಿದ್ದರು ಸ್ವಾಮಿ?